ನಮ್ಮ ಯಜಮಾನರ ಫೋನಿಗೊಂದು ವೈರು

ಅಳತೆ ತೆಗೆಯುವವರಿಗೆ ಒಂದು ಸಣ್ಣ ಜಂಭ ಇರುತ್ತದೆ. ನನಗೂ ಇದೆ. ಸುಂಕದಕಟ್ಟೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಷಿನ್ ಹಾಕಿಕೊಂಡು ಬ್ಲೌಸ್ ಹೊಲಿಯುವವಳು ನಾನು. ಬಾಗಿಲಿಗೆ ಯಾರಾದರೂ ಬಂದು ನಿಂತರೆ, ಟೇಪು ಕೈಗೆತ್ತಿಕೊಳ್ಳುವ ಮೊದಲೇ ಅವರ ತೋಳೆಷ್ಟು, ಭುಜವೆಷ್ಟು ಎಂದು ಮನಸ್ಸು ಲೆಕ್ಕ ಹಾಕಿಬಿಟ್ಟಿರುತ್ತದೆ. ಮದುವೆಗೆ ಹೋದರೆ ಅಕ್ಷತೆ ಹಾಕುವಾಗಲೂ ನನ್ನ ಕಣ್ಣು ಮದುಮಗಳ ಬೆನ್ನಿನ ಹೊಲಿಗೆ ಎಲ್ಲಿ ಎಳೆಯುತ್ತಿದೆ ಎಂದೇ ಹುಡುಕುತ್ತಿರುತ್ತದೆ. ಅಳತೆ ಬ್ಲೌಸ್ ತಾರದೆ ಬಂದು, "ಹೋದ್ಸಲದ ತರಾನೇ ಹೊಲೀರಿ ಆಂಟಿ" ಎನ್ನುವವರನ್ನು ಕಂಡರೆ ಮೈ ಉರಿಯುತ್ತದೆ. ಲೋಕದಲ್ಲಿ ಯಾವುದನ್ನೇ ಆಗಲಿ ಸರಿಯಾಗಿ ಅಳೆದರೆ ಸರಿಯಾಗಿ ಕೂರುತ್ತದೆ, ಅಳೆಯದೆ ಕತ್ತರಿ ಹಾಕುವುದರಿಂದಲೇ ಎಲ್ಲ ತೊಂದರೆ ಎಂದು ನಂಬಿಕೊಂಡಿದ್ದೆ. ಆ ನಂಬಿಕೆ ಕಳೆದ ಹಿರಿಯರ ಹಬ್ಬದ ಹೊತ್ತಿಗೆ ಒಂದು ಚಾರ್ಜರ್ ವೈರಿನ ಮುಂದೆ ತಲೆ ತಗ್ಗಿಸಿ ನಿಂತಿತು.

ವೈರು ಬೇಕಾಗಿದ್ದು ನಮ್ಮ ಯಜಮಾನರ ಫೋನಿಗೆ. ಅವರು ನಾಯಂಡಹಳ್ಳಿಯ ಗೋಡೌನ್ ಒಂದರಲ್ಲಿ ಲಾರಿಗಳಿಗೆ ಮಾಲು ತುಂಬಿಸುವ ಕೆಲಸ ನೋಡಿಕೊಳ್ಳುತ್ತಿದ್ದರು. ಒಂದು ದಿನ ಎದೆ ಹಿಡಿದುಕೊಂಡು ಕೂತರು, ಮತ್ತೆ ಏಳಲಿಲ್ಲ. ವರ್ಷದ ಕಾರ್ಯವೂ ಮುಗಿಯಿತು. ಮಾತು ಕಡಿಮೆಯ ಮನುಷ್ಯ. ಆದರೆ ಫೋನು ಎಂದರೆ ಪ್ರಾಣ. ಹಾಡಲ್ಲ, ಸಿನಿಮಾ ಅಲ್ಲ. ಕೆಸರಿನಲ್ಲಿ ಹೂತುಹೋದ ಲಾರಿಯನ್ನು ಕ್ರೇನಿನಲ್ಲಿ ಎತ್ತುವ ವಿಡಿಯೋಗಳನ್ನು ನೋಡುತ್ತಿದ್ದರು. ಇಡೀ ದಿನ ಲಾರಿಯ ಮಧ್ಯೆಯೇ ಇದ್ದು ಬಂದವರಿಗೆ ಮನೆಯಲ್ಲೂ ಲಾರಿಯೇ ಬೇಕಿತ್ತು. ಊಟಕ್ಕೆ ಕೂತರೆ ಫೋನನ್ನು ನೀರಿನ ಚೊಂಬಿಗೆ ಒರಗಿಸಿಕೊಂಡೇ ಉಣ್ಣುವುದು. "ಸಾರಿಗೆ ಉಪ್ಪಿದ್ಯಾ ಇಲ್ವಾ ಅದನ್ನಾದ್ರೂ ಹೇಳ್ರೀ" ಎಂದರೆ, "ಇರೇ, ಹಿಂದಿನ್ ಚಕ್ರ ಎದ್ದೇಳ್ತಾ ಐತೆ" ಎನ್ನುತ್ತಿದ್ದರು. ಅವರು ಹೋದ ಮೇಲೆ ಪದ್ಧತಿಯಂತೆ ನೆಂಟರು ಅವರ ಹಾಸಿಗೆ, ಬಟ್ಟೆಗಳನ್ನು ಕೊಟ್ಟುಬಿಟ್ಟರು. ಗೂಟಕ್ಕೆ ಪ್ಯಾಂಟಿನ ಜೊತೆ ನೇತುಬಿದ್ದಿದ್ದ ವೈರೂ ಆ ಗಂಟಿನಲ್ಲೇ ಹೋಯಿತು. ಫೋನು ಮಾತ್ರ ಉಳಿಯಿತು. ಅದನ್ನು ನಾನು ಕೊಡದೆ ಉಳಿಸಿಕೊಂಡಿದ್ದ ಅವರದೊಂದು ಅಂಗಿಯಲ್ಲಿ ಸುತ್ತಿ ಬೀರುವಿನಲ್ಲಿಟ್ಟೆ. ನನ್ನದು ಬಟನ್ ಫೋನು, ಅದರ ಸಣ್ಣ ಗುಂಡು ಪಿನ್ನು ಬಿಟ್ಟರೆ ಬೇರೆ ಪಿನ್ನು ನನಗೆ ಗೊತ್ತಿರಲಿಲ್ಲ.

ನಮ್ಮ ಮನೆಗಳಲ್ಲಿ ಹಿರಿಯರ ಹಬ್ಬ ಹೇಗೆ ಮಾಡುತ್ತೇವೆ ಎಂದು ಹೇಳಿಬಿಡುತ್ತೇನೆ. ತೀರಿಕೊಂಡವರ ಫೋಟೋ ಇಟ್ಟು, ಅದರ ಮುಂದೆ ಬಾಳೆಲೆಯಲ್ಲಿ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ ಎಡೆ ಇಡುತ್ತೇವೆ. ಮುದ್ದೆ, ಕೋಳಿ ಸಾರು, ಕಜ್ಜಾಯ, ಹೊಸ ಪಂಚೆ. ಬೀಡಿ ಸೇದುತ್ತಿದ್ದವರಿಗೆ ಬೀಡಿ, ಕುಡಿಯುತ್ತಿದ್ದವರಿಗೆ ಅದೂ. ಧೂಪ ಹಾಕಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬಂದು ನಿಲ್ಲಬೇಕು. ಬಂದವರು ನಾಚಿಕೆ ಇಲ್ಲದೆ ಉಣ್ಣಲಿ ಎಂದು. ಇದು ನಮ್ಮವರ ಮೊದಲ ಎಡೆ. ಕೆಂಗೇರಿಯಲ್ಲಿರುವ ಮೈದುನ ಗಂಗಾಧರ ಫೋನ್ ಮಾಡಿ, "ಅತ್ತಿಗೆ, ಅಣ್ಣಂಗೆ ಏನೇನಿಷ್ಟವೋ ಒಂದೂ ಬಿಡಂಗಿಲ್ಲ" ಎಂದ. ಕೋಳಿ, ಮೊಟ್ಟೆ, ಕಡ್ಲೆಬೀಜ ಎಂದು ಹೇಳುತ್ತಾ ಹೋದೆ. ಮಧ್ಯೆ ಅವನ ಹೆಂಡತಿ ರತ್ನ ಫೋನು ಕಿತ್ತುಕೊಂಡಳು.

"ಅಕ್ಕ, ಫೋನೇ ಬಿಟ್ರಲ್ಲ! ಭಾವ ಕೋಳೀನಾದ್ರೂ ಬಿಟ್ಟಿರೋರು."

"ಬೀರುವಲ್ಲಿದೆ, ಇಡ್ತೀನಿ. ಆಫ್ ಆಗ್ಹೋಗಿದೆ ಅಷ್ಟೆ."

"ಆಫ್ ಆಗಿರೋದ್ ಇಡ್ತೀರಾ? ಖಾಲಿ ಬಾಟ್ಲಿ ಇಟ್ಟಂಗಾಗಲ್ವಾ?"

ನಿಜ ಹೇಳುತ್ತೇನೆ, ಒಂದು ವರ್ಷ ನಾನು ಅದಕ್ಕೆ ವೈರು ಹುಡುಕದಿದ್ದದ್ದು ಭಯಕ್ಕೆ. ವೈರು ಹಾಕಿಯೂ ಹೊತ್ತಿಕೊಳ್ಳದಿದ್ದರೆ? ಮನುಷ್ಯ ಹೋಗಿದ್ದು ಒಂದು ಸಲ. ಫೋನು ಅಂಗಿಯೊಳಗೆ ಮಲಗಿರುವವರೆಗೆ ಅದು ನಿದ್ದೆ ಮಾಡುತ್ತಿದೆ ಎಂದುಕೊಳ್ಳಬಹುದಿತ್ತು. ಎಬ್ಬಿಸಲು ಹೋಗಿ ಅದು ಏಳದೆ ಹೋದರೆ ಅವರು ಎರಡನೇ ಸಲ ಹೋದ ಹಾಗೆ. ಆದರೂ ಮೊದಲ ಎಡೆಗೆ ಬಂದವರ ಮುಂದೆ ಕಪ್ಪು ಗಾಜು ಇಡುವುದು ಹೇಗೆ?

ಸರಿ, ವೈರು ತರಬೇಕು. ಫೋನನ್ನು ಹೊರಗೆ ಒಯ್ಯಲು ಮನಸ್ಸಾಗಲಿಲ್ಲ, ಬಸ್ಸು ಬೈಕುಗಳ ಮಧ್ಯೆ ಎಲ್ಲಾದರೂ ಜಾರಿದರೆ ಎಂದು. ಹಾಗಾಗಿ ನನಗೆ ಗೊತ್ತಿರುವ ವಿದ್ಯೆ ಮಾಡಿದೆ. ಅಳತೆ ತೆಗೆದೆ. ಫೋನಿನ ಕೆಳಗಿರುವ ತೂತಿನ ಈ ತುದಿಯಿಂದ ಆ ತುದಿಗೆ ದಾರ ಹಿಡಿದು, ಎರಡೂ ಕಡೆ ಗಂಟು ಹಾಕಿ, ಪರ್ಸಿನಲ್ಲಿಟ್ಟುಕೊಂಡು ಮಾಗಡಿ ರಸ್ತೆಯ ಮೊಬೈಲ್ ಅಂಗಡಿಗೆ ಹೋದೆ. ಅಲ್ಲಿ ಕೂತಿದ್ದ ಹುಡುಗಿ ಮೊಸರನ್ನ ತಿನ್ನುತ್ತಿದ್ದಳು. ಗಂಟು ಹಾಕಿದ ದಾರವನ್ನು ಗಾಜಿನ ಮೇಲಿಟ್ಟು, "ಈ ಅಳತೆದು ಒಂದ್ ವೈರ್ ಕೊಡಮ್ಮ" ಎಂದೆ.

ಆಕೆ ದಾರ ನೋಡಿದಳು, ನನ್ನನ್ನು ನೋಡಿದಳು, ಡಬ್ಬಿಯ ಮುಚ್ಚಳ ಹಾಕಿದಳು. "ಆಂಟಿ, ಇದು ಸಿ ಟೈಪಾ, ಬಿ ಟೈಪಾ?"

"ಟೈಪ್ ಗೊತ್ತಿಲ್ಲ. ಅಗಲ ಇಷ್ಟು."

"ಅಗಲದಲ್ಲೇನ್ ಗೊತ್ತಾಗುತ್ತೆ ಆಂಟಿ? ಎರಡೂ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. ಬಾಯಿ ಮೇಲೂ ಕೆಳಗೂ ಒಂದೇ ತರ ಗುಂಡಗಿದ್ಯಾ? ಇಲ್ಲ ಒಂದ್ ಕಡೆ ಚಿಕ್ಕದಾ? ಫೋನ್ ತಂದಿಲ್ವಾ?"

ಅಳತೆ ಬ್ಲೌಸ್ ತಾರದೆ ಬರುವವರ ಮುಖ ಹೇಗಿರುತ್ತದೆ ಎಂದು ನನಗೆ ಅಂದು ಒಳಗಿನಿಂದ ತಿಳಿಯಿತು. ಮನೆಗೆ ಹೋಗಿ ಫೋನನ್ನು ಅಂಗಿಯ ಸಮೇತ ತಂದೆ. ಅಂಗಿ ಬಿಚ್ಚಿ ಫೋನು ತೆಗೆದಾಗ ಹುಡುಗಿ, "ಏನಾಂಟಿ, ಚಳಿಯಾಗುತ್ತಾ ಇದಕ್ಕೆ?" ಎಂದಳು. ಮತ್ತೆ ತೂತು ನೋಡಿ, "ಸಿ ಟೈಪು. ಹೆಂಗ್ ತಿರುಗಿಸಿ ಹಾಕಿದ್ರೂ ಕೂರುತ್ತೆ" ಎಂದಳು.

ಆಮೇಲೆ ಅವಳು ವೈರುಗಳನ್ನು ಹರಡಿದಳು ನೋಡಿ, ನಾನು ಬಾಯಿ ಬಿಟ್ಟುಕೊಂಡು ನಿಂತೆ. ಬಿಳಿ, ಕಪ್ಪು, ಹಾವಿನಂತೆ ಬಟ್ಟೆ ಹೆಣೆದದ್ದು, ಶೂ ಲೇಸಿನಂತೆ ಚಪ್ಪಟೆಯದು. ಎಲ್ಲದರ ಬಾಯಿಯೂ ಒಂದೇ, ಹೊಟ್ಟೆಯೊಳಗಿನ ಗುಣ ಬೇರೆ. "ಇದು ದಪ್ಪ, ಬೇಗ ಚಾರ್ಜ್ ಆಗುತ್ತೆ. ಇದು ತೆಳು, ನಿಧಾನ. ಇದು ಬರೀ ಚಾರ್ಜಿಗೆ. ಇದ್ರಲ್ಲಿ ಚಾರ್ಜೂ ಆಗುತ್ತೆ, ಫೋಟೋ ಗೀಟೋ ಕಂಪ್ಯೂಟರಿಗೂ ಹಾಕ್ಕೋಬೋದು."

"ಫೋಟೋ ಇದರೊಳಗಿಂದ ಹೋಗುತ್ತಾ?"

"ಹೂಂ ಆಂಟಿ. ವಿಡಿಯೋನೂ ಹೋಗುತ್ತೆ."

"ಇಷ್ಟು ಸಣ್ಣದ್ರಲ್ಲಿ? ಮಡಿಚ್ಕೊಂಡು ಹೋಗುತ್ತಾ?"

ಆಕೆ ನಗಲು ಶುರು ಮಾಡಿದವಳು ನನ್ನ ಮುಖ ನೋಡಿ ನಿಲ್ಲಿಸಿದಳು. "ಅದು ನಂಗೂ ಗೊತ್ತಿಲ್ಲ ಆಂಟಿ. ಹೋಗುತ್ತೆ ಅಷ್ಟೆ" ಎಂದಳು. ನಾನು ಜೀವನವೆಲ್ಲ ದಾರದ ಜೊತೆ ಕಳೆದವಳು. ದಾರದ ಕೆಲಸ ಎರಡು ತುಂಡು ಬಟ್ಟೆಯನ್ನು ಹಿಡಿದುಕೊಂಡಿರುವುದು. ಅದೇ ದೊಡ್ಡದು ಎಂದುಕೊಂಡಿದ್ದೆ. ಇಲ್ಲಿ ನೋಡಿದರೆ ದಾರದೊಳಗೇ ದಾರಿ. ಮುಖಗಳು, ಮಾತುಗಳು, ಕೆಸರಿನಿಂದ ಏಳುವ ಲಾರಿಗಳು, ಎಲ್ಲವೂ ಒಂದನ್ನೊಂದು ತುಳಿಯದೆ ಸಾಲಾಗಿ ಹೋಗುತ್ತವಂತೆ. ಬಿಳಿ ವೈರೊಂದನ್ನು ಬೆರಳುಗಳ ನಡುವೆ ಹಿಡಿದು ನೋಡಿದೆ. ಬೆಚ್ಚಗೂ ಇರಲಿಲ್ಲ, ಅಲುಗುತ್ತಲೂ ಇರಲಿಲ್ಲ. ದೇವಸ್ಥಾನದಲ್ಲಿ ಗರ್ಭಗುಡಿಯ ಕತ್ತಲೆ ನೋಡುವಾಗ ಆಗುತ್ತದಲ್ಲ, ಹಾಗಾಯಿತು.

ಹುಡುಗಿ ಆ ವೈರನ್ನೇ ಅಂಗಡಿಯ ಪ್ಲಗ್ಗಿಗೆ ಹಾಕಿ ಫೋನಿಗೆ ಸೇರಿಸಿದಳು. ಏನೂ ಆಗಲಿಲ್ಲ. ಬೇರೆ ವೈರು ಹಾಕಿದಳು. ಏನೂ ಆಗಲಿಲ್ಲ. ಇದಕ್ಕೇ ನಾನು ಹೆದರಿದ್ದು. ಆಕೆ ಫೋನನ್ನು ಕಣ್ಣ ಹತ್ತಿರ ಹಿಡಿದು, "ಪಿನ್ ಪೂರ್ತಿ ಒಳಗೇ ಹೋಗ್ತಿಲ್ಲ. ಬಾಯಲ್ಲಿ ಕಸ ತುಂಬ್ಕೊಂಡಿದೆ. ಅಂಕಲ್ದಾ ಫೋನು? ಜೇಬಲ್ಲೇ ಇಟ್ಕೋತಾರಾ?" ಎಂದಳು.

"ಹೂಂ, ಜೇಬಲ್ಲೇ ಇಟ್ಕೋತಾರೆ" ಎಂದೆ. ಬಾಯಿಂದ ಹಾಗೇ ಬಂತು. ತಿದ್ದಲಿಲ್ಲ.

ಹಲ್ಲು ಚುಚ್ಚುವ ಕಡ್ಡಿಯಿಂದ ಆಕೆ ಮೆಲ್ಲಗೆ ಕೆದಕಿದಳು. ಒಳಗಿನಿಂದ ಒತ್ತಿಕೊಂಡು ಗಟ್ಟಿಯಾಗಿದ್ದ ಬಟ್ಟೆಯ ನೂಲಿನ ಹಿಂಜಿನ ತುಣುಕೊಂದು ಬಂತು. ತಿಳಿ ನೀಲಿ. ನಾನೇ ಹೊಲಿದ ಅಂಗಿಯದು. ಫೋನಿನ ಭಾರಕ್ಕೆ ಹರಿಯದಿರಲಿ ಎಂದು ಜೇಬಿಗೆ ಒಳಗಿನಿಂದ ಇನ್ನೊಂದು ಪದರ ಕೊಟ್ಟಿದ್ದೆ. ಹುಡುಗಿ ಅದನ್ನು ಊದಲು ತುಟಿ ಮುಂದೆ ತಂದಳು.

"ಊದ್ಬೇಡಮ್ಮ!"

"ಕಸ ಆಂಟಿ."

"ಕಸಾನೇ. ಕೊಡು ಇಲ್ಲಿ."

ಆಕೆ ನನ್ನ ಅಂಗೈ ಮೇಲೆ ಉದುರಿಸಿದಳು. ಅದನ್ನು ಪರ್ಸಿನಲ್ಲಿ ಬ್ಲೌಸಿನ ಹುಕ್ಕುಗಳನ್ನಿಡುವ ಜಾಗದಲ್ಲಿ ಇಟ್ಟುಕೊಂಡೆ. ಅಸ್ಥಿ ಬಿಡುವಾಗ ಗಟ್ಟಿಯಾಗಿ ನಿಂತಿದ್ದಳಲ್ಲ ಈಕೆ ಎಂದು ನೆಂಟರೆಲ್ಲ ಮೆಚ್ಚಿದ್ದರು. ಜೇಬಿನ ಹಿಂಜಿಗೆ ಹೀಗೆ ಆಡಿದ್ದನ್ನು ಅವರು ನೋಡಲಿಲ್ಲವಲ್ಲ, ಪುಣ್ಯ.

ಈಗ ಪಿನ್ನು ಟಕ್ಕೆಂದು ಕೂತಿತು. ಗಾಜು ಮಾತ್ರ ಕಪ್ಪಾಗಿಯೇ ಇತ್ತು. "ತುಂಬಾ ದಿನದಿಂದ ಮಲಗಿರೋ ಹಂಗಿದೆ, ಎದ್ದೇಳೋಕೆ ಹೊತ್ತು ಹಿಡಿಯುತ್ತೆ, ಮನೇಲಿ ಹಾಕಿಟ್ಟು ನೋಡಿ. ಎದ್ರೂ ಬ್ಯಾಟ್ರಿ ನಿಲ್ಲಲ್ಲ, ವೈರ್ ಹಾಕ್ಕೊಂಡೇ ನೋಡ್ಬೇಕು" ಎಂದಳು. ಆಗ ಇನ್ನೊಂದು ಯೋಚನೆ ಬಂತು. ಎಡೆ ಇಡುವುದು ಪೂರ್ವದ ಗೋಡೆಗೆ, ಸ್ವಿಚ್ಚಿರುವುದು ಎದುರಿನ ಗೋಡೆಯಲ್ಲಿ. ವೈರಿಗಾಗಿ ಹಿರಿಯರ ದಿಕ್ಕು ಬದಲಿಸಲಾದೀತೇ? ಇರುವುದರಲ್ಲೇ ಉದ್ದದ್ದು, ಜೊತೆಗೊಂದು ಪ್ಲಗ್ಗೂ ಕೊಡು ಎಂದೆ.

"ಉದ್ದ ಆದಷ್ಟೂ ಚಾರ್ಜ್ ನಿಧಾನ ಆಂಟಿ."

"ಆಗ್ಲಿ ಬಿಡಮ್ಮ. ನಮ್ಮೋರಿಗೇನೂ ಅವಸರ ಇಲ್ಲ."

ಮನೆಗೆ ಬಂದು ವೈರು ಹಾಕಿ, ಅದರ ಕಡೆ ನೋಡಬಾರದೆಂದು ಒಂದು ಬ್ಲೌಸಿಗೆ ಹುಕ್ಕು ಹಾಕುತ್ತಾ ಕೂತೆ. ಹುಕ್ಕುಗಳೆಲ್ಲ ಹಿಂದುಮುಂದಾದವು. ತಲೆ ಎತ್ತಿದಾಗ ಗಾಜಿನ ಮೇಲೆ ಬ್ಯಾಟರಿಯ ಚಿತ್ರ ಮೂಡಿತ್ತು, ತಳದಲ್ಲಿ ಒಂದು ಗೆರೆ ಬೆಳಕು. ಮಷಿನ್ನಿನ ಮುಂದೆ ಕೂತಿದ್ದ ಹಾಗೇ ಕೈ ಮುಗಿದುಬಿಟ್ಟೆ. ಫೋನಿಗೋ, ವೈರಿಗೋ, ಗೊತ್ತಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಗುಂಡಿ ಒತ್ತಿದೆ. ತೆರೆಯ ಮೇಲೆ ನನ್ನ ಫೋಟೋ ಇದ್ದರೂ ಇರಬಹುದು ಎಂಬ ಸಣ್ಣ ಆಸೆ ಇತ್ತು. ಕ್ರೇನ್ ಇತ್ತು.

ಹಬ್ಬದ ದಿನ ಗಂಗಾಧರ, ರತ್ನ ಬೆಳಿಗ್ಗೆಯೇ ಬಂದರು. ಸಿಮ್ಮಿಲ್ಲದ ಫೋನಿನ ಗಡಿಯಾರ ಯಾವುದೋ ಹಳೆಯ ಕಾಲದಲ್ಲಿ ನಿಂತಿತ್ತು. "ಭಾವಂಗೆ ಇವತ್ತು ಯಾವ್ ದಿನ ಅಂತ ಗೊತ್ತಾಗೋದ್ ಬೇಡ್ವಾ?" ಎಂದು ರತ್ನ ದಿನ, ಹೊತ್ತು ಎರಡನ್ನೂ ಸರಿ ಮಾಡಿದಳು. ಅಡುಗೆ ಮುಗಿಸಿ, ಎಲೆ ಹಾಕಿ ಬಡಿಸಿ, ಚೊಂಬಿಗೆ ಫೋನು ಒರಗಿಸಿದೆವು. ವೈರು ಹೂವಿನ ಹಾರದ ಪಕ್ಕದಿಂದ ಇಳಿದು, ಗೋಡೆಯುದ್ದಕ್ಕೂ ಹರಿದು, ಸ್ವಿಚ್ಚಿಗೆ ತಲುಪಿತು. ಗಂಗಾಧರ ದೂರ ನಿಂತು ನೋಡಿ, "ಕನ್ನಡಕ ಇಡಿ ಅತ್ತಿಗೆ, ಅಣ್ಣಂಗೆ ಹತ್ರದ್ದು ಕಾಣ್ಸಲ್ಲ" ಎಂದ. ಕನ್ನಡಕವನ್ನೂ ಇಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿ ಹೊರಗೆ ಬಂದು ನಿಂತೆವು.

ಆಗ ಒಳಗಿನಿಂದ ರೈಲು ಕೂಗಿದಂತೆ ಫೋನು ಹೊಡೆದುಕೊಳ್ಳತೊಡಗಿತು.

ಗಂಗಾಧರನ ಎರಡೂ ಕೈ ತಾವಾಗಿಯೇ ಕೂಡಿಕೊಂಡವು. "ಅಣ್ಣ ಬಂದ" ಎಂದ. ರತ್ನ ಅವನ ತೋಳು ಹಿಡಿದುಕೊಂಡು, "ಸಿಮ್ಮೇ ಇಲ್ವಲ್ರೀ ಅದ್ರಲ್ಲಿ! ಯಾರ್ ಮಾಡ್ತಾವ್ರೆ?" ಎಂದಳು. ಬಾಗಿಲು ತೆಗೆಯುವಂತಿಲ್ಲ, ಉಣ್ಣುವವರು ಅರ್ಧಕ್ಕೆ ಎದ್ದುಹೋಗುತ್ತಾರೆ. ಸದ್ದು ನಿಂತಿತು. ಮತ್ತೆ ಶುರುವಾಯಿತು. ನನ್ನ ಕಾಲುಗಳು ಮಾತ್ರ ಆಗಲೇ ಅಂಗಳದ ಕಡೆ ಹೊರಟಿದ್ದವು. ಈ ಸದ್ದು ನನ್ನ ಕಾಲಿಗೆ ಗೊತ್ತು.

"ಎಲ್ಲಿಗತ್ತಿಗೆ?"

"ನೀರು" ಎಂದೆ. "ಕಾವೇರಿ ನೀರು ಬಿಡೋ ಹೊತ್ತು. ಅವರೇ ಇಟ್ಟಿದ್ದ ಅಲಾರಂ."

ಹಬ್ಬದ ಗಡಿಬಿಡಿಯಲ್ಲಿ ಅಂದು ನೀರಿನ ದಿನ ಎಂಬುದೇ ನನಗೆ ಮರೆತಿತ್ತು. ನಲ್ಲಿ ತಿರುಗಿಸಿದೆ. ಮೊದಲು ಬರೀ ಗಾಳಿ ಬುಸುಗುಟ್ಟಿತು, ಆಮೇಲೆ ಕೆಮ್ಮಿತು, ಆಮೇಲೆ ನೀರು ಬಂತು. ಮೂವರೂ ಕ್ಷಣ ಅದನ್ನೇ ನೋಡುತ್ತಾ ನಿಂತೆವು. ಆಮೇಲೆ ನಾನು ಹೊಸ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡೆ, ಗಂಗಾಧರ ಪಂಚೆ ಮೇಲೆ ಕಟ್ಟಿ ಡ್ರಮ್ಮಿಗೆ ಪೈಪು ಹಿಡಿದ, ರತ್ನ ಬಿಂದಿಗೆ ತೊಳೆದಳು. ಒಳಗೆ ಅವರು ಉಣ್ಣುತ್ತಿದ್ದರು, ಹೊರಗೆ ನಾವು ನೀರು ಹಿಡಿಯುತ್ತಿದ್ದೆವು. ವರ್ಷದ ಮೇಲೆ ಅಂದು ನಮ್ಮ ಮನೆಯಲ್ಲಿ ಎಲ್ಲರೂ ಇದ್ದರು.

ಎಡೆ ತೆಗೆದ ಮೇಲೆ ಹೊಸ ಪಂಚೆ ಗಂಗಾಧರನಿಗೆ ಹೋಯಿತು. ನಾನು ಫೋನನ್ನು ಮತ್ತೆ ಅಂಗಿಯಲ್ಲಿ ಸುತ್ತುತ್ತಿದ್ದೆ. ರತ್ನ ಕೈ ಹಿಡಿದಳು. "ಎಡೆಗಿಟ್ಟಿದ್ದನ್ನ ಬೀರುಗೆ ಸೇರಿಸ್ಬಾರ್ದಕ್ಕ. ಯಾರಾದ್ರೂ ಬಳಸ್ಬೇಕು, ಅದೇ ಪದ್ಧತಿ. ಪಂಚೆ ಇವ್ರು ಉಡಲ್ವಾ?" ಪಂಚೆಗೆ ಇರುವ ಪದ್ಧತಿ ಫೋನಿಗೂ ಇದೆಯೇ ಎಂದು ಯಾರನ್ನು ಕೇಳುವುದು? ಅವಳೇ ನನ್ನ ಸಿಮ್ಮನ್ನು ಅದಕ್ಕೆ ಹಾಕಿಸಿಕೊಟ್ಟಳು.

ಈಗ ಬ್ಲೌಸಿನ ಡಿಸೈನುಗಳೆಲ್ಲ ಅದಕ್ಕೇ ಬರುತ್ತವೆ. ಬ್ಯಾಟರಿ ನಿಲ್ಲುವುದಿಲ್ಲ, ಹಾಗಾಗಿ ವೈರಿನ ಉದ್ದ ಎಷ್ಟೋ ನನ್ನ ಓಡಾಟವೂ ಅಷ್ಟೇ. ನೀರಿನ ಹೊತ್ತಿಗೆ ಅದು ರೈಲಿನಂತೆ ಕೂಗಿದಾಗ ಅಳತೆ ಕೊಡಲು ನಿಂತ ಹುಡುಗಿಯರು ಬೆಚ್ಚಿಬೀಳುತ್ತಾರೆ. ಅಲಾರಂ ತೆಗೆಯುವುದು ಹೇಗೆಂದು ರತ್ನ ಬಂದಾಗಲೆಲ್ಲ ಹೇಳಿಕೊಡುತ್ತಾಳೆ. ಎಷ್ಟು ಹೇಳಿಕೊಟ್ಟರೂ ನನಗೆ ಬರುತ್ತಿಲ್ಲ. ಇಂಥ ವಿಷಯಗಳಲ್ಲಿ ನಾನು ಸ್ವಲ್ಪ ದಡ್ಡಿ.