ಅತ್ತೆಯ ಇನ್ವರ್ಟರಿಗೆ ಒಂದೇ ದೀಪ

ಕಾರವಾರದ ಲೈನ್‌ಮನ್‌ಗಳು ಸಿಡಿಲಿಗೂ ಹೆದರುತ್ತಿರಲಿಲ್ಲ. ನನ್ನ ಸೋದರತ್ತೆಯ ಫೋನಿಗೆ ಹೆದರುತ್ತಿದ್ದರು! ಉತ್ಪ್ರೇಕ್ಷೆ ಅನ್ನುವಿರಾ? ಹೊಸ ಶತಮಾನ ಬಂದು ಐದಾರು ವರ್ಷವಾಗಿತ್ತಷ್ಟೆ. ಅಂಕೋಲೆಯಿಂದ ಬಂದ ನಾನು, ನೌಕರಿಯ ನೆಪದಲ್ಲಿ ಕೋಡಿಬಾಗದ ಅವಳ ಮನೆಯಲ್ಲಿದ್ದೆ. ಫ್ಯಾನು ನಿಲ್ಲುವುದೇ ತಡ, ಅತ್ತೆ ಶುರು! ಮಾವ ಕೂತಲ್ಲೇ ತಲೆಯಾಡಿಸುವರು. ಕೈಗಾ ಅಣುಸ್ಥಾವರದ ಬಸ್ಸು ಎದುರು ಹಾದುಹೋದರಂತೂ, ಅದರೊಳಗಿನವರು ನಮ್ಮ ಕರೆಂಟನ್ನು ಊಟದ ಡಬ್ಬಿಯಲ್ಲಿ ಒಯ್ಯುತ್ತಿದ್ದಾರೇನೋ ಎಂಬಂತೆ ಗುರಾಯಿಸುವಳು.

"ಕರೆಂಟು ಹುಟ್ಟೂದು ನಮ್ಮ ಜಿಲ್ಲೆಲೇ. ನಮ್ಮನಿಗೆ ಬರೂಕೆ ಅದ್ಕೆ ದಾರಿ ಗೊತ್ತಿಲ್ಲಾ?"

ಆ ಮೇ ತಿಂಗಳಲ್ಲಿ ಮೂರು ಸಂಜೆ ಸಾಲಾಗಿ ಕರೆಂಟು ಹೋಯಿತು. ನಾಲ್ಕನೆಯ ದಿನ ಅತ್ತೆ ನನ್ನನ್ನೆಳೆದುಕೊಂಡು ಪೇಟೆಗೆ ನಡೆದಳು. ಅಂಗಡಿಯವ, ಪಾಪ, ಮೊದಲು ಗಡಗಡ ಸದ್ದಿನ ಜನರೇಟರ್ ಚಾಲೂ ಮಾಡಿ ತೋರಿಸಿದ.

"ಬಂದ್ ಮಾಡು ಮಾರಾಯಾ! ಮನೆಯೊಳ್ಗೆ ಬೋಟು ಕಟ್ಕಂಡು ಎಲ್ಲಿಗೆ ಹೋಗೂಕೆ?"

"ಹಂಗಾರೆ ಇನ್ವರ್ಟರ್ ತಗಳಿ ಅಕ್ಕಾ. ಸಪ್ಪಳಿಲ್ಲ. ಬ್ಯಾಟರಿಗೆ ಆಗಾಗ ಬಾಟ್ಲಿ ನೀರು ಹಾಕ್ಬೇಕು, ಅಷ್ಟೇ."

"ನಾವು ಕುಡೂದು ಬಾವಿ ನೀರು. ಅದ್ಕೆ ಬಾಟ್ಲಿ ನೀರಾ?"

ಬೈಯುತ್ತ ಬೈಯುತ್ತ ಅದನ್ನೇ ಕೊಂಡಳು. ಮರುದಿನ ಜೋಡಿಸಲು ಬಂದವ, ಯಾವ್ಯಾವುದಕ್ಕೆ ಲೈನು ಕೊಡಲಿ ಎಂದ. ನನ್ನ ಕೋಣೆಯ ಫ್ಯಾನು, ಟಿವಿ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯ ತೀರ್ಪು ಬಂತು.

"ಹೊರಗಿನ ಕೋಣೆಲಿ ಒಂದು ದೀಪ. ಸಾಕು."

"ಫ್ಯಾನು?" ಎಂದೆ.

"ಫ್ಯಾನಿಗೆ ಬ್ಯಾಟರಿ ಬೇಗ ಇಳೀತದೆ. ಸೆಕೆ ಆದ್ರೆ ಹೊಳೆಬದಿಗೆ ಹೋಗಿ ಕೂತ್ಕ!"

ನನಗೆ ಮೈಯೆಲ್ಲ ಉರಿಯಿತು. ಒಂದು ದೀಪಕ್ಕೆ ಇಷ್ಟು ದೊಡ್ಡ ಬ್ಯಾಟರಿಯೇ? ಆನೆಯ ಮೇಲೆ ಒಂದು ನಿಂಬೆಹಣ್ಣು ಹೇರಿದಂತೆ!

ಎರಡೇ ದಿನ. ಸಂಜೆ ಏಳಕ್ಕೆ ಮತ್ತೆ ಕರೆಂಟು ಹೋಯಿತು. ಅರ್ಧ ಗಂಟೆ ಬೆವರಿನಲ್ಲಿ ಬೆಂದು, ಇವತ್ತು ಇತ್ಯರ್ಥ ಆಗಲೇಬೇಕೆಂದು ಹೊರಗಿನ ಕೋಣೆಗೆ ನುಗ್ಗಿದೆ. ದೀಪದ ಕೆಳಗೆ ಅತ್ತೆ, ಮಾವ ಎದುರುಬದುರು ಕೂತಿದ್ದರು. ಅತ್ತೆ ಮುಖವನ್ನು ಬೆಳಕಿಗೆ ಎತ್ತಿ ಮೀನುಪೇಟೆಯ ಸುದ್ದಿಯನ್ನು ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. ಬೈಗುಳವೇ ಇಲ್ಲ! ಮಾವ ಅವಳ ತುಟಿಯನ್ನೇ ನೋಡುತ್ತಿದ್ದರು.

"ಮಾವಾ!" ಬೆನ್ನಹಿಂದಿನಿಂದ ಕೂಗಿದೆ. ಅವರು ತಿರುಗಲಿಲ್ಲ. ಮತ್ತೆ ಕೂಗಿದೆ. ಊಹೂಂ.

ಅತ್ತೆ ನನ್ನನ್ನು ಅಡುಗೆಮನೆಗೆ ಎಳೆದೊಯ್ದಳು.

"ಅವ್ರ ಎರಡೂ ಕಿವಿ ಹೋಗಿ ವರ್ಷಾತು. ಯಾರಿಗೂ ಹೇಳ್ಬ್ಯಾಡ ಅಂದ್ರು. ನನ್ನ ತುಟಿ ನೋಡಿ ತಿಳ್ಕಂತಾರೆ. ಕತ್ಲಾದ್ರೆ ಅವ್ರು ಒಬ್ರೇ ಆಗ್ತಾರೆ, ತಮಾ."

ಅವಳು ಎಷ್ಟು ಬೈದರೂ ಸುಮ್ಮನೆ ತಲೆಯಾಡಿಸುವ ಮಾವನನ್ನು, ಸಂಸಾರದ ಗುಟ್ಟು ಬಲ್ಲ ಜಾಣ ಎಂದುಕೊಂಡಿದ್ದೆನಲ್ಲ ನಾನು!

ಹೊರಗೆ ಬಂದಾಗ ಮಾವ ಕೇಳಿದರು, "ಎಂತ ಅಂತೆ ಇವಂದು?"

"ಸೆಕೆಯಂತೆ," ಎಂದ ಅತ್ತೆ, ನನ್ನತ್ತ ಕಣ್ಣು ಕೆಂಪಗೆ ಮಾಡಿದಳು.

ನಾನೂ ಒಂದು ಕುರ್ಚಿ ಎಳೆದುಕೊಂಡು ದೀಪದ ಕೆಳಗೆ ಕೂತೆ. ಮುಖ ಎತ್ತಿ ನಿಧಾನವಾಗಿ ಹೇಳಿದೆ: "ಹೌದು ಮಾವಾ. ಭಾರೀ ಸೆಕೆ."