ನಮ್ಮ ಮನೆಯಲ್ಲಾದ ಸಣ್ಣ ವ್ಯತ್ಯಯ

ಊರಲ್ಲಿ ಪೈಪು ಒಡೆದರೆ ಇಂಜಿನಿಯರು ಪೈಪಿನ ಹತ್ತಿರ ಓಡುತ್ತಾರೆ. ಸಾಹೇಬರು ಮಾತ್ರ ನನ್ನ ಹತ್ತಿರ ಓಡಿ ಬರುತ್ತಾರೆ! ನೀರು ಸರಬರಾಜು ಕಚೇರಿಯಲ್ಲಿ ಪ್ರಕಟಣೆ ಬರೆಯುವವನು ನಾನು. ಪೈಪಿಗೆ ಯಾರು ಬೇಕಾದರೂ ವಾಷರ್ ಹಾಕಬಹುದು ಸ್ವಾಮಿ, ಜನರ ಸಿಟ್ಟಿಗೆ ವಾಷರ್ ಹಾಕುವುದು ಎಲ್ಲರ ಕೈಲಾಗುವ ಕೆಲಸವೇ?

"ಒಡೆಯಿತು" ಅನ್ನುವ ಮಾತು ನಮ್ಮಲ್ಲಿ ನಿಷಿದ್ಧ. "ಸೋರಿಕೆ ಕಂಡುಬಂದಿದೆ" ಅನ್ನಬೇಕು. ಒಂದು ದಿನ ನೀರಿಲ್ಲದಿದ್ದರೆ "ವ್ಯತ್ಯಯ". ವಾರವಿಡೀ ಇಲ್ಲದಿದ್ದರೆ "ತಾತ್ಕಾಲಿಕ ಅಡಚಣೆ". ಸಾಹೇಬರು ಮೀಟಿಂಗಿನಲ್ಲಿ ಮೇಜು ಗುದ್ದಿ ಕೂಗಿದರೆ "ಚರ್ಚೆ". ಖಾಲಿ ಕೊಡ ಹಿಡಿದ ಹೆಂಗಸರು ಗೇಟಿನಾಚೆ ಕೂಗಿದರೆ "ಗದ್ದಲ". ಒಂದು ಕೊಡ ಹಾರಿ ಒಳಗೆ ಬಿದ್ದರೋ, "ದಾಂಧಲೆ"!

ನನ್ನ ಹೆಂಡತಿ ಟೀಚರಾದರೂ ಅವಳ ಹತ್ತಿರ ಇದ್ದದ್ದು ಒಂದೇ ಪದ: ರಾದ್ಧಾಂತ. ಒದ್ದೆ ಟವೆಲು ಮಂಚದ ಮೇಲಿದ್ದರೆ ರಾದ್ಧಾಂತ. ಹಾಲು ಉಕ್ಕಿದರೆ ರಾದ್ಧಾಂತ.

"ಇಷ್ಟಕ್ಕೆಲ್ಲ ಆ ಪದ ಖರ್ಚು ಮಾಡಿದ್ರೆ, ನಿಜವಾದ್ದು ಬಂದಾಗ ಏನು ಹೇಳ್ತೀಯೇ?" ಎಂದೆ ಒಮ್ಮೆ.

"ಬಾಯಲ್ಲಿ ಹೇಳಲ್ಲ, ನಿಮ್ಮನ್ನ ತೋರಿಸ್ತೀನಿ!"

ಅಂಥವಳಿಗೆ ದಿನಕ್ಕೊಂದೇ ಬಸ್ಸಿರುವ ದೂರದ ಹಳ್ಳಿಯಲ್ಲಿ ಪರೀಕ್ಷೆಯ ಡ್ಯೂಟಿ ಬಿತ್ತು. ಹೊರಡುವಾಗ ಅವಳ ಕಣ್ಣೆಲ್ಲ ಒಳಗಿನ ಕೋಣೆಯ ಮೇಲೆ. ಅಲ್ಲಿ ಅವಳ ಅಪ್ಪ, ಅಂದರೆ ನನ್ನ ಮಾವ. ಬಸ್ಸು ಓಡಿಸಿ ನಿವೃತ್ತರಾದವರು. ಸಕ್ಕರೆ ಕಾಯಿಲೆ, ಮಂದಗಣ್ಣು, ಮಾತು ಕಡಿಮೆ.

"ಹೋಗಿ ಬಾ ಮಾರಾಯ್ತಿ! ಮನೆಯ ಒಂದು ಚಮಚ ಆಚೀಚೆ ಆದ್ರೆ ಕೇಳು!" ಎಂದು ಎದೆ ತಟ್ಟಿಕೊಂಡೆ.

ಮರುದಿನ ಬೆಳಿಗ್ಗೆ ಚಮಚಗಳೆಲ್ಲ ಇದ್ದಲ್ಲೇ ಇದ್ದವು. ಸ್ನಾನದ ಮನೆಯ ನಲ್ಲಿ ಮಾತ್ರ ತೊಟ್ಟಿಕ್ಕುತ್ತಿತ್ತು. ಆಹಾ! ಇಡೀ ಊರಿನ ಸೋರಿಕೆಯನ್ನು ಬರೀ ಪೆನ್ನಿನಲ್ಲಿ ನಿಲ್ಲಿಸಿದ ಗಂಡಿಗೆ ಇದೊಂದು ಲೆಕ್ಕವೇ? ಸ್ಪ್ಯಾನರ್ ಹಿಡಿದೆ, ಹಲ್ಲು ಕಚ್ಚಿ ತಿರುಗಿಸಿದೆ. ನಲ್ಲಿ ತಿರುಗಿತು. ತಿರುಗಿ ನನ್ನ ಕೈಗೇ ಬಂತು!

ನೀರು ಎದೆಗೆ ಗುದ್ದಿದ ರಭಸಕ್ಕೆ ನಾನು ಗೋಡೆಗೆ ಅಂಟಿಕೊಂಡೆ. ಟವೆಲು ತುರುಕಿದೆ, ಉಗುಳಿತು. ಅಂಗೈ ಒತ್ತಿದೆ, ಬೆರಳ ಸಂದಿಯಿಂದ ಸೂರಿಗೆ ಚಿಮ್ಮಿತು. ಕೈ ಬಿಟ್ಟರೆ ಪ್ರಳಯ, ಹಿಡಿದರೆ ಅರ್ಧ ಪ್ರಳಯ. ಟ್ಯಾಂಕಿನ ವಾಲ್ವು ತಾರಸಿಯ ಮೇಲಿತ್ತು. ನೀರು ಹೊಸ್ತಿಲು ದಾಟಿ ಹಾಲಿಗೆ ನುಗ್ಗಿತು.

"ಏನಾಯ್ತು ಅಳಿಯಂದ್ರೇ?" ಒಳಗಿನಿಂದ ಮಾವನ ದನಿ.

ನನ್ನ ಬಾಯಿಗೆ ಅಭ್ಯಾಸ ನೋಡಿ! "ಏನಿಲ್ಲ ಮಾವಾ, ಸಣ್ಣ ವ್ಯತ್ಯಯ!"

ಸಣ್ಣದು ಅಂದೆನಲ್ಲ, ನಂಬಿದರು. ಬಕೆಟ್ ಹಿಡಿದು ನನ್ನ ಸಹಾಯಕ್ಕೆಂದು ಹೊರಟರು. ಹಾಲಿನ ನುಣುಪು ನೆಲದ ಮೇಲೆ ಆಗಲೇ ಪಾದ ಮುಳುಗುವಷ್ಟು ನೀರು. ಮೊದಲು ಬಕೆಟ್ಟಿನ ಸದ್ದು ಕೇಳಿಸಿತು. ಆಮೇಲೆ ಇನ್ನೊಂದು. ಆ ಎರಡನೆಯ ಸದ್ದಿಗೆ ನನ್ನ ಹತ್ತಿರ ಪದವಿಲ್ಲ.

ಓಡಿಹೋಗಿ ಮಾವನನ್ನು ಹಿಂದಿನಿಂದ ಹಿಡಿದು ಗೋಡೆಗೆ ಒರಗಿಸಿದೆ. ಅಷ್ಟರಲ್ಲಿ ಫೋನು. ಹೆಂಡತಿ.

"ಏನ್ರೀ ಅದು ಸದ್ದು? ಮಳೆನಾ?"

"ಇಲ್ಲ ಕಣೇ, ನಲ್ಲೀಲಿ ಸ್ವಲ್ಪ ಸೋರಿಕೆ ಕಂಡುಬಂದಿದೆ."

"ಅಪ್ಪ ಎಲ್ಲಿ?"

ಮಾವನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಬಲಗಾಲು ನೋಡಬಾರದ ಹಾಗೆ ಹೊರಗೆ ಹೊರಳಿತ್ತು. ಮಗಳಿಗೆ ನರಳಾಟ ಕೇಳಿಸಬಾರದೆಂದು ಪಂಚೆಯ ಅಂಚನ್ನು ಬಾಯಿಗೆ ತುರುಕಿಕೊಂಡಿದ್ದರು.

"ಮಾವ... ವಿಶ್ರಾಂತಿ ತಗೋತಿದ್ದಾರೆ."

"ನಿಮ್ಮ ದನಿ ಯಾಕೋ ಸರಿ ಇಲ್ಲ. ಬಂದುಬಿಡ್ಲಾ? ಡ್ಯೂಟಿಗೆ ಇನ್ನೊಬ್ಬರು ಟೀಚರ್ ಇದ್ದಾರೆ. ಬಸ್ಸು ಎದುರಿಗೇ ನಿಂತಿದೆ. ಇದು ಹೋದ್ರೆ ನಾಳೆನೇ."

"ಛೇ ಛೇ! ಪರಿಸ್ಥಿತಿ ಸಂಪೂರ್ಣ ಹತೋಟಿಯಲ್ಲಿದೆ!"

ಫೋನಿಟ್ಟೆ. ಹತೋಟಿಯಲ್ಲಿದ್ದ ಪರಿಸ್ಥಿತಿ ಮಂಚದ ಕೆಳಗಿನಿಂದ ನನ್ನ ಚಪ್ಪಲಿಗಳನ್ನು ತೇಲಿಸಿಕೊಂಡು ಬಂತು.

ಆಂಬುಲೆನ್ಸಿನವನು ಕೇಳಿದ, "ಏನಾಗಿದೆ ಸಾರ್?"

"ಇವರ ಚಲನೆಯಲ್ಲಿ ಸ್ವಲ್ಪ ಅಡಚಣೆ..."

"ಸಾರ್, ಬಿದ್ರೋ ಇಲ್ವೋ?"

"ಬಿದ್ರು."

ದಾರಿಯುದ್ದಕ್ಕೂ ಮಾವ ನನ್ನ ಕೈ ಹಿಡಿದುಕೊಂಡಿದ್ದರು. ಗುಂಡಿ ಬಂದಾಗಲೆಲ್ಲ ಹಿಡಿತ ಬಿಗಿಯಾಗುತ್ತಿತ್ತು. ಒಂದು ಸಲ ಮಾತ್ರ ಮೆಲ್ಲಗೆ, "ಅವಳು ಬರ್ತಾಳಾ?" ಎಂದರು. ನಾನು ಕಿಟಕಿಯ ಕಡೆ ನೋಡಿದೆ.

ಸೊಂಟದ ಮೂಳೆ ಮುರಿದಿತ್ತು. ತಕ್ಷಣ ಆಪರೇಷನ್ ಆಗಬೇಕಂತೆ. ಒಳಗೆ ಕರೆದುಕೊಂಡು ಹೋದ ಮೇಲೆ ಡಾಕ್ಟರು ಹೊರಗೆ ಬಂದು ನನ್ನ ಭುಜದ ಮೇಲೆ ಕೈಯಿಟ್ಟರು. "ಹೃದಯದ ಬಡಿತದಲ್ಲಿ ಸ್ವಲ್ಪ ಏರುಪೇರಿದೆ. ನೋಡೋಣ."

ಬೇರೆ ಯಾರಾದರೂ ಆಗಿದ್ದರೆ ಸಮಾಧಾನಪಡುತ್ತಿದ್ದರು. ನಾನು ಮಾತ್ರ ಡಾಕ್ಟರ ಕೋಟು ಹಿಡಿದುಕೊಂಡೆ. "ಸ್ವಲ್ಪ"! "ಏರುಪೇರು"! "ನೋಡೋಣ"! ಈ ಮೂರನ್ನೂ ಒಂದೇ ಸಾಲಿನಲ್ಲಿ ನಾನು ಬರೆದದ್ದು, ಇಡೀ ಬಡಾವಣೆಗೆ ಕೊಳಚೆ ನೀರು ಹೋದಾಗ.

"ಡಾಕ್ಟ್ರೇ, ಸ್ವಲ್ಪ ಅಂದ್ರೆ ಎಷ್ಟು? ಉಳೀತಾರೋ ಇಲ್ವೋ?" ಎಂದು ಅರಚಿದೆ. ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನರ್ಸ್ ಬಂದು, "ಇಲ್ಲಿ ಗಲಾಟೆ ಮಾಡಬೇಡಿ," ಎಂದಳು. ಗೇಟಿನಾಚೆ ಖಾಲಿ ಕೊಡ ಹಿಡಿದು ನಿಂತವರ ಗಂಟಲು ಹೇಗೆ ಉರಿಯುತ್ತದೆಂದು ಆ ಹೊತ್ತು ನನಗೆ ಗೊತ್ತಾಯಿತು.

ಹೆಂಡತಿಗೆ ಫೋನು ಮಾಡಿದೆ. "ಅಪ್ಪ ಬಿದ್ರು. ಸೊಂಟ ಮುರಿದಿದೆ. ನನ್ನಿಂದ. ನೀನು ಕೇಳಿದಾಗ ಸುಳ್ಳು ಹೇಳಿದೆ."

"ಬಸ್ಸು ಹೋಯ್ತಲ್ರೀ," ಎಂದಳು. ಅಷ್ಟೇ.

ಮಾವ ಉಳಿದರು. "ಇನ್ನು ನಡೆಯೋದು ಕಷ್ಟ," ಎಂದರು ಡಾಕ್ಟರು. ಆಗುವುದೇ ಇಲ್ಲ ಎಂದು ನಾನು ಓದಿಕೊಂಡೆ. ಜೀವಮಾನವೆಲ್ಲ ಊರೂರು ಸುತ್ತಿದ ಮನುಷ್ಯನಿಗೆ ಇನ್ನು ಮಂಚದಿಂದ ಕಿಟಕಿಯವರೆಗಿನ ದಾರಿಯೂ ಇಲ್ಲ.

ಮರುದಿನ ಅವಳು ಬಂದಳು. ಚೀಲ ಕೂಡ ಕೆಳಗಿಡದೆ ಮಂಚದ ಅಂಚಿಗೆ ಕೂತು ಅಪ್ಪನ ಹಣೆ ಸವರಿದಳು. ನಾನು ಬಾಗಿಲ ಬಳಿ ಒಂದಾದರೂ ಬೈಗುಳ ಬೀಳಲಿ ಎಂದು ಕಾಯುತ್ತ ನಿಂತೆ.

"ಏನಾಯ್ತಪ್ಪಾ?"

ಮಾವ ಮಂದಗಣ್ಣಿನಲ್ಲಿ ನನ್ನನ್ನು ಹುಡುಕಿದರು. "ಏನಿಲ್ಲಮ್ಮ. ನಾನೇ ಕಾಲು ಜಾರಿದೆ. ಅಳಿಯಂದ್ರು ಪಾಪ ನಲ್ಲೀನ ಚೆನ್ನಾಗೇ ರಿಪೇರಿ ಮಾಡ್ತಿದ್ರು. ನೋವೂ ಅಷ್ಟೇನಿಲ್ಲ, ಸ್ವಲ್ಪ."

ಅವಳು ಅಪ್ಪನ ಹೊದಿಕೆ ಸರಿಮಾಡಿದಳು. ನನ್ನ ಕಡೆ ತಿರುಗದೆಯೇ ಹೇಳಿದಳು:

"ಇವರ ಜೊತೆ ಇದ್ದೂ ಇದ್ದೂ ನೀನೂ ಪ್ರಕಟಣೆ ಹೊರಡಿಸೋದು ಕಲಿತೆಯಲ್ಲಪ್ಪಾ!"