ಮೇಲಿನ ಮನೆಯವಳ ಬುದ್ಧಿವಾದ

ಆ ದಿನದ ರಗಳೆಯೆಲ್ಲ ಶುರುವಾದದ್ದು ಒಂದು ಬಟ್ಟಲು ಕಡಲಪಾಚಿ ಸಾರಿನಿಂದ.

ಕೊರಿಯಾದ ಚೊಂಗ್‌ಜುವಿನಲ್ಲಿ ಪರೀಕ್ಷೆಯದೋ ಪ್ರವೇಶದ್ದೋ ಫಲ ಕಾಯುತ್ತಿರುವ ಮನೆಗೆ ಯಾರೂ ಆ ಸಾರು ಕೊಡುವುದಿಲ್ಲ. ಪಾಚಿ ಜಾರುತ್ತದೆ, ಉಂಡವನೂ ಜಾರುತ್ತಾನೆ. ಆಮೇಲೆ ಬುದ್ಧನೇ ಬಂದರೂ ಹಿಡಿದೆತ್ತಲಾರ. ಹಾಗಿರುವಾಗ ಮೇಲಿನ ಮಹಡಿಯ ನೆರೆಯಾಕೆ ಪ್ಯೊ ಚಿಕ್ಕಮ್ಮ ಹಬೆಯಾಡುವ ಬಟ್ಟಲನ್ನು ವೈದ್ಯ ಸೀಟಿಗೆ ಕಾಯುತ್ತಿದ್ದ ದೊಹುನ್‌ನ ಕೈಯಲ್ಲೇ ಇಟ್ಟಳು.

"ಫೋನ್ ಬಂತೇನೋ ಡಾಕ್ಟ್ರೇ?"

"ಇನ್ನೂ ಇಲ್ಲ ಚಿಕ್ಕಮ್ಮ."

"ಬಂದ್ರೆ ಬೇಡ ಅಂದ್ಬಿಡು. ಆ ಕಡಲಂಚಿನ ಕಾಲೇಜಲ್ಲಿ ಒಣಮೀನು ಕಾಯ್ಕೊಂಡು ಕೂರ್ತೀಯಾ? ನಿನ್ನ ಅಂಕಕ್ಕೆ ಸಿಯೋಲೇ ಕೈಮುಗಿದು ಕರೆಯತ್ತೆ."

ಮಾತೇನೋ ಸರಿಯೇ. ಪ್ರವೇಶ ಪರೀಕ್ಷೆಯಲ್ಲಿ ಎರಡು ಸಲ ಎಡವಿದ ದೊಹುನ್‌ಗೆ ಈ ಸಲ ಅವನೇ ನಂಬದಷ್ಟು ಅಂಕ ಬಂದಿತ್ತು. ಆದರೆ ಅದಕ್ಕೆ ಮೊದಲೇ ಹೆದರಿಕೆಯಿಂದ ದಕ್ಷಿಣದ ಕಡಲಂಚಿನ ವೈದ್ಯ ಕಾಲೇಜೊಂದರ ಮುಂಗಡ ಪ್ರವೇಶಕ್ಕೆ ಅರ್ಜಿ ಹಾಕಿ, ಕಾಯುವವರ ಸಾಲಿನಲ್ಲಿ ಮೊದಲಿಗನಾಗಿ ನಿಂತಿದ್ದ. ಇವತ್ತೇ ಕೊನೆ. ಅವರು ಫೋನಿನಲ್ಲಿ ಕೇಳುತ್ತಾರೆ, ನಿಂತ ಕಾಲಿನಲ್ಲೇ ಹೇಳಬೇಕು. ಬರುತ್ತೇನೆ ಅಂದರೆ ಈ ವರ್ಷ ಬೇರೆಲ್ಲೂ ಅರ್ಜಿ ಹಾಕುವಂತಿಲ್ಲ, ಸಿಯೋಲಿನ ಬಾಗಿಲು ಮುಚ್ಚಿತು. ಬೇಡ ಅಂದರೆ ಸೀಟು ಹಿಂದೆ ನಿಂತವನಿಗೆ.

ಬೆಳಗಿನಿಂದ ಬುದ್ಧನಿಗೆ ಅಡ್ಡಬಿದ್ದು ಮಂಡಿ ಹಿಡಿದುಕೊಂಡು ಬಂದ ಅಮ್ಮ ಬಟ್ಟಲು ಕಂಡು ಕಿರುಚಿದಳು. "ಅಯ್ಯೋ, ಯಾವ ಪಾಪಿ ಕೊಟ್ಟಿದ್ದೋ ಇದನ್ನ? ಮೊದಲು ಆಚೆ ಚೆಲ್ಲು! ಫೋನ್ ಬಂದ್ರೆ ಒಪ್ಕೊಂಡ್ಬಿಡು. ಇನ್ನೊಂದು ವರ್ಷ ನಿನ್ನ ಮುಖ ಈ ಮನೇಲಿ ನೋಡಕ್ಕೆ ನನ್ ಕೈಲಾಗಲ್ಲ."

ಅಮ್ಮನಿಗೆ ಬೇಕಾದದ್ದು ಡಾಕ್ಟರೋ, ಖಾಲಿ ಕೋಣೆಯೋ ಎಂದು ದೊಹುನ್‌ಗೆ ಗುಮಾನಿ ಬಂತು. ಅನುಮಾನ ಹಿಟ್ಟಿಗೆ ಬಿದ್ದ ಹುಳದಂತೆ. ಒಂದು ಕಂಡಿತೆಂದರೆ ಡಬ್ಬಿಯೆಲ್ಲ ಮಿಸುಕುತ್ತದೆ.

ಯೋಚನೆಯಲ್ಲೇ ಮೆಟ್ಟಿಲಿಳಿಯುವಾಗ ಸಾರು ತುಳುಕಿತು. ಅದರ ಮೇಲೇ ಕಾಲಿಟ್ಟು, ಉಣ್ಣದೆಯೂ ಜಾರಿದ. ತಲೆಯ ಮೇಲೆ ಪಾಚಿ ಹೊತ್ತು ಆಗತಾನೇ ನೀರಿನಿಂದೆದ್ದ ಎಮ್ಮೆಯಂತೆ ಕೂತವನನ್ನು ಕಾವಲುಗಾರ ಬಾಂಗ್ ಎತ್ತಿ ನಿಲ್ಲಿಸಿದ.

"ಯಾರಪ್ಪಾ ಈ ಅಭಿಷೇಕ ಮಾಡಿದ್ದು?"

"ಪ್ಯೊ ಚಿಕ್ಕಮ್ಮನ ಸಾರು."

"ಓಹೋ! ಆಯಮ್ಮನ ತಂಗಿ ಮಗ ಸೊಂಗ್ಯು ಆ ಕಾಲೇಜಿನ ಸಾಲಲ್ಲಿ ನಿನ್ನ ಹಿಂದೇನೇ ನಿಂತವ್ನಂತಲ್ಲ. ಆಯಮ್ಮನೇ ಹೇಳಿದ್ಲು. ನೀನು ಜಾರಿದ್ರೆ ತಾನೇ ಅವನು ಏರೋದು?"

ದೊಹುನ್‌ನ ಸೊಂಟನೋವು ಹಾರಿಹೋಯಿತು. ಹಾಗೋ ವಿಷಯ! ಸಾರೂ ಅದಕ್ಕೇ, ಬುದ್ಧಿವಾದವೂ ಅದಕ್ಕೇ!

ಅಷ್ಟರಲ್ಲೇ ಫೋನ್ ಕೂಗಿತು. "ಕಾಲೇಜಿನಿಂದ ಮಾತಾಡ್ತಿದ್ದೀವಿ. ಸೀಟು ಖಾಲಿಯಾಗಿದೆ. ಬರ್ತೀರಾ?"

ಸಿಯೋಲ್ ಒಂದು ಗಳಿಗೆ ಕಣ್ಣೆದುರು ಹೊಳೆಯಿತು. ಅದರ ಮೇಲೆ ಪ್ಯೊ ಚಿಕ್ಕಮ್ಮನ ನಗುಮುಖ ತೇಲಿತು.

"ಬರ್ತೀನಿ! ಖಂಡಿತ ಬರ್ತೀನಿ!"

ಒದ್ದೆ ಅಂಗಿಯಲ್ಲೇ ಮೇಲೋಡಿ ಅವಳ ಬಾಗಿಲು ಬಡಿದ. "ಚಿಕ್ಕಮ್ಮ, ಒಪ್ಕೊಂಡ್ಬಿಟ್ಟೆ! ಪಾಪ, ನಿಮ್ಮ ಸೊಂಗ್ಯುಗೆ ತಪ್ಪಿಹೋಯ್ತು."

ಚಿಕ್ಕಮ್ಮ ಎದೆ ಹಿಡಿದುಕೊಂಡು ಕುಸಿದು ಕೂತಳು. ಕಣ್ಣು ತುಂಬಿ ಬಂತು. ದೊಹುನ್‌ಗೆ ಹಾಲು ಕುಡಿದಷ್ಟು ಸಂತೋಷ. ಅವಳು ಫೋನೆತ್ತಿಕೊಂಡಳು.

"ಸೊಂಗ್ಯು, ಕಂದಾ, ಸಿಯೋಲಿಗೆ ಧೈರ್ಯವಾಗಿ ಅರ್ಜಿ ಹಾಕೋ! ನಿನಗಿಂತ ಜಾಸ್ತಿ ಅಂಕದವನು ಕಡಲಿಗೆ ಹೊರಟ!"

ದೊಹುನ್ ಹೊಸ್ತಿಲು ದಾಟಿ ಒಳಬಂದ. "ಅವನು... ಸಾಲಲ್ಲಿ ನನ್ನ ಹಿಂದೆ ಇದಾನೆ ಅಂತ ನೀವೇ ಬಾಂಗ್‌ಗೆ..."

"ಎಲ್ಲಿಯ ಸಾಲೋ? ಅವನು ಆ ಕಾಲೇಜಿಗೆ ಅರ್ಜೀನೇ ಹಾಕಿಲ್ಲ."

"ಮತ್ತೆ ನನಗೆ ಹೋಗ್ಬೇಡ ಅಂದ್ರಲ್ಲ!"

ಚಿಕ್ಕಮ್ಮ ಕಣ್ಣೊರೆಸಿಕೊಂಡು, ಅವನ ಕೆನ್ನೆಯನ್ನು ಅಕ್ಕರೆಯಿಂದ ತಟ್ಟಿದಳು.

"ಹೋಗು ಅಂದಿದ್ರೆ ಹೋಗ್ತಿದ್ಯೇನೋ, ನನ್ ರಾಜಾ?"